ಸೋಮವಾರದ ಚೀಟಿ

ಶ್ರೀರಾಮಪುರದ ನನ್ನ ರಿಪೇರಿ ಅಂಗಡಿಯಲ್ಲಿ
ಮೇಲಿನ ಹಲಗೆಯೆಂದರೆ ಮರೆತವರ ಹಲಗೆ.
ಮುಚ್ಚಳವಿಲ್ಲದ ಮಿಕ್ಸಿ, ಹಿಡಿ ಸುಟ್ಟ ಇಸ್ತ್ರಿಪೆಟ್ಟಿಗೆ,
ಒಂದೇ ಸ್ಟೇಷನ್ ಹಿಡಿಯುವ ರೇಡಿಯೋ.
ಅವುಗಳ ನಡುವೆ ಎರಡು ವರ್ಷದಿಂದ
ಬಾಯಿ ಮುಚ್ಚಿ ಕೂತಿತ್ತು ವಾಫಲ್ ಮಷೀನು.
ಕೊರಳಿಗೆ ಚೀಟಿ:
ಮಿಸೆಸ್ ಪಿಂಟೋ. ಹೀಟ್ ಆಗ್ತಿಲ್ಲ. ಸೋಮವಾರ ಬರ್ತಾರೆ.
ಅಕ್ಷರ ನನ್ನದೇ.
ಯಾವ ಸೋಮವಾರ ಅಂತ ಬರೆದಿರಲಿಲ್ಲ.

ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ.
ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಕೊನೆಗಿಟ್ಟು
ಹತ್ತು ಸಲ ಫೋನ್ ಮಾಡಿದ್ದೇನೆ.
ಒಬ್ಬ ಹೊಸೂರಿನ ಹೂವಿನ ವ್ಯಾಪಾರಿ,
ಒಬ್ಬಾಕೆ ಹಿಂದಿಯಲ್ಲಿ ಬೈದಳು,
ಮೂವರು ಎತ್ತಲೇ ಇಲ್ಲ.
ನಡುವಿನ ಅಂಕಿ ಬಿಟ್ಟಿದ್ದರೆ ದೇವರೇ ಗತಿ.

ಡಿಸೆಂಬರಿನ ಒಂದು ಶನಿವಾರ, ಗಿರಾಕಿಯಿಲ್ಲದ ಸಂಜೆ,
ತಿರುಪು ಬಿಚ್ಚಿ ನೋಡಿದರೆ
ಹೋಗಿದ್ದು ಹನ್ನೆರಡು ರೂಪಾಯಿಯ ಫ್ಯೂಸು.
ಟೆಸ್ಟಿಂಗಿಗೆ ಎಂದು ನನಗೆ ನಾನೇ ಹೇಳಿಕೊಂಡು
ಮನೆಗೆ ಒಯ್ದೆ.

ಬೆಳಿಗ್ಗೆ ಏಳು. ಕಿಟಕಿಯಾಚೆ ಮಂಜು,
ಎದುರು ಮನೆಯ ನೀರಿನ ಟ್ಯಾಂಕೂ ಕಾಣದಷ್ಟು.
ಪ್ಲಗ್ ಹಾಕಿದೆ. ಹಸಿರು ದೀಪ.
ಗುಳಿಗಳ ತಳದಲ್ಲಿ ಎಂದೋ ಸೀದು ಕೂತಿದ್ದ ಕಪ್ಪು ಚೂರು
ಬಿಸಿಯಾಗಿ, ಮೆಲ್ಲಗೆ, ಉಸಿರುಬಿಟ್ಟಿತು.

"ಶುಂಠಿ," ಎಂದಳು ಜಯಶೀಲ, ಒಗ್ಗರಣೆ ಸೌಟು ಕೆಳಗಿಟ್ಟು.
"ತಡೀರಿ. ಲವಂಗ. ಚಕ್ಕೆ.
ಆಮೇಲೆ ಇದು... ಬೆಲ್ಲದ ಪಾಕ
ಇನ್ನೇನು ತಳ ಹಿಡಿಯಬೇಕು ಅನ್ನುವಾಗಿನ ವಾಸನೆ."

ಮೇದಿನಿ ಮೊಬೈಲು ತಡಕಿ,
"ಜಿಂಜರ್‌ಬ್ರೆಡ್ ಅಪ್ಪಾ, ಕ್ರಿಸ್‌ಮಸ್ಸಿನದು.
ಮೊಲಾಸಿಸ್ ಬೇಕಂತೆ."
ಮೊಲಾಸಿಸ್ಸು ಹುಡುಕುತ್ತ ಯಾರು ಹೋಗುತ್ತಾರೆ
ಆ ಚಳಿಯಲ್ಲಿ?
ಮಂಡ್ಯದ ಅಚ್ಚುಬೆಲ್ಲ ಬಾಣಲೆಗೆ ಬಿತ್ತು;
ಸೀಯುವ ಒಂದು ಗಳಿಗೆ ಮೊದಲು ಒಲೆಯಿಂದ ಇಳಿಯಿತು.
ಅತ್ತೆಯ ಕಷಾಯದ ಒಣಶುಂಠಿ ಕುಟ್ಟಣಿಗೆ.
ಮೂಲೆಯಂಗಡಿಯ ಎರಡು ಮೊಟ್ಟೆ, ಮೈದಾ, ಹಾಲು,
ನಂದಿನಿ ಬೆಣ್ಣೆ ಅರ್ಧ ಪ್ಯಾಕು.
ಕಪ್ಪಿನ ಅಳತೆ ಓದುತ್ತಿದ್ದ ಮಗಳನ್ನು ಸುಮ್ಮನಾಗಿಸಿ
ಸೌಟೆತ್ತಿ, ಬೀಳುವ ಧಾರೆ ನೋಡಿ,
"ಸೆಟ್ ದೋಸೆ ಹದ. ಸಾಕು," ಎಂದಳು.

ಮೊದಲನೆಯದು ಎರಡು ಹೋಳಾಯಿತು,
ಅರ್ಧ ಮೇಲಿನ ದವಡೆಗೆ, ಅರ್ಧ ಕೆಳಗಿನದಕ್ಕೆ.
ಮೊದಲ ದೋಸೆ ಯಾವತ್ತೂ ಕಾವಲಿಯ ಪಾಲು.
ಎರಡನೆಯದು ಸುರಿದು ಮುಚ್ಚಿದೆವು,
ಕರೆಂಟು ಹೋಯಿತು.

"ತೆಗೀಬೇಡಿ."
ಯಾರೂ ತೆಗೆಯಲಿಲ್ಲ.
ಮಬ್ಬಿನಲ್ಲಿ ಮೂವರೂ ಸುತ್ತ ಕೂತು
ಆ ಮುಚ್ಚಳದ ಮೇಲೆ, ತಾಗದಂತೆ,
ಅಂಗೈ ಹಿಡಿದೆವು. ಆರು ಕೈ.
ಸಂದಿಯಿಂದ ಬರುವ ಹಬೆ
ಬೆರಳಿನ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು.
ಹತ್ತು ನಿಮಿಷ ನಾನು ಬಾಡಿಗೆ ನೆನೆಯಲಿಲ್ಲ.

ಕರೆಂಟು ಬರುವ ಮೊದಲೇ ಬೆಂದಿತ್ತು,
ಉಳಿದ ಕಾವಿನಲ್ಲೇ. ಕಂದು ಬಣ್ಣ, ಅಂಚು ಗರಿಗರಿ.
ಮೇಲೆ ತುಪ್ಪ ಸುರಿದಾಗ ಮೇದಿನಿ ನಕ್ಕಳು:
"ಬಿಡಿಎ ಲೇಔಟು. ಎಲ್ಲ ಸೈಟಿನಲ್ಲೂ ನೀರು ನಿಂತಿದೆ."
ಶುಂಠಿ ನಾಲಿಗೆಯಲ್ಲಿ ಸುಮ್ಮನಿದ್ದು
ಆಮೇಲೆ ಗಂಟಲಿನಲ್ಲಿ ಮಾತಾಡಿತು.
ಜಯಶೀಲ ಕಣ್ಣು ಮುಚ್ಚಿ ತಿಂದಳು.
"ಆಯಮ್ಮನದರಲ್ಲಿ ಇನ್ನೊಂದು ಏನೋ ಇತ್ತು."
ಜಾಯಿಕಾಯಿಯಾ?
"ಅಲ್ಲ. ಇನ್ನೊಂದು."

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಳಿಗಳನ್ನೆಲ್ಲ ತಿಕ್ಕಿದಳು.
ಮೂಲೆಯ ಒಂದು ಗುಳಿಯನ್ನು ಮಾತ್ರ ಮುಟ್ಟಲಿಲ್ಲ.
ನಾನು ಕೇಳಲೂ ಇಲ್ಲ.

ಮಾರನೆಯ ಬೆಳಿಗ್ಗೆ ಷಟರ್ ಎತ್ತಿ
ಅದನ್ನು ಅದರ ಜಾಗದಲ್ಲಿಟ್ಟೆ.
ಚೀಟಿಯಲ್ಲಿ "ಆಗ್ತಿಲ್ಲ" ಹೊಡೆದು "ಆಗತ್ತೆ" ಎಂದು ಬರೆದೆ.
ಉಳಿದದ್ದು ಹಾಗೇ ಇದೆ.

ಶನಿವಾರ ಸಂಜೆ ಮೇದಿನಿ ಅಂಗಡಿಗೆ ಬಂದಳು,
ಕಂಕುಳಲ್ಲಿ ಮಡಿಚಿದ ಬಟ್ಟೆ ಚೀಲ.
ಮೊದಲು ಮೇಲಿನ ಹಲಗೆ ನೋಡಿದಳು,
ಆಮೇಲೆ ನನ್ನ.
"ಪಾಪ, ಅವರು ಇನ್ನೂ ಬಂದಿಲ್ವಾ?"
ಎಂದಳು,
ಖುಷಿಯನ್ನು ಆದಷ್ಟು ಮುಚ್ಚಿಟ್ಟುಕೊಂಡು.