ತೂಕ ಬರೆಯುವವಳು

ಬುಧವಾರ ಬೆಳಿಗ್ಗೆ ಏಳೂವರೆ. ಟೂಸಾನ್.
ಹೊರಗೆ ಆಗಲೇ ಟಾರು ಕಾದಿದೆ.
ಲೊರೆಂಜ ಕಿಹಾಡ ಬೂಟು ಕಳಚಿ,
ಕಿವಿಯೋಲೆ ಬಿಚ್ಚಿ, ಬಸ್ಸಿನ ಬೀಗದಕೈ ನನ್ನ ಮೇಜಿನ ಮೇಲಿಟ್ಟು
ತೂಕದ ಯಂತ್ರ ಹತ್ತುತ್ತಾಳೆ ಉಸಿರು ಬಿಗಿಹಿಡಿದು,
ಉಸಿರಿಗೂ ತೂಕವಿದೆಯೆಂಬಂತೆ.

ನಾನು ತೂಕ ಬರೆಯುವವಳು.
ಸೂಜಿಯಲ್ಲಿರುವುದು ಮದ್ದೋ ಬರಿ ಉಪ್ಪುನೀರೋ
ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.
ಪ್ರಯೋಗದ ಕಟ್ಟಳೆ ಅದು: ಇಬ್ಬರೂ ಕುರುಡರು
ಎಪ್ಪತ್ತೆರಡು ವಾರ ಕೈ ಹಿಡಿದು ನಡೆಯಬೇಕು.

ಇಪ್ಪತ್ತಾರು ವರ್ಷದಿಂದ ಶಾಲೆಯ ಹಳದಿ ಬಸ್ಸು ಅವಳದು.
ಹಿಂದಿನ ಸೀಟಿನ ಹುಡುಗರು ಕೆನ್ನೆ ಊದಿಸಿ ಅಣಕಿಸುತ್ತಾರಂತೆ.
ಕನ್ನಡಿ ಎರಡೂ ಕಡೆಗೆ ತೋರಿಸುತ್ತದೆಂದು
ಪಾಪ, ಅವಕ್ಕೆ ಇನ್ನೂ ತಿಳಿಯದು.

"ಬಾಯಿ ಕಟ್ಟು ಅಂದರು ಎಲ್ಲರೂ.
ಕಟ್ಟಿಸಿಕೊಂಡೆ, ಸುಳ್ಳಲ್ಲ, ಹತ್ತೊಂಬತ್ತನೇ ವಯಸ್ಸಿಗೆ
ದವಡೆಗೆ ತಂತಿ ಬಿಗಿಸಿದರು.
ತಂಗಿಯ ಮದುವೆಯ ಫೋಟೋ ನೋಡು,
ಒಬ್ಬಳೇ ತುಟಿ ಮುಚ್ಚಿ ನಗುತ್ತಿದ್ದೇನೆ.
ಮೂವತ್ತು ಪೌಂಡು ಹೋಯಿತು. ನಲವತ್ತು ಬಂತು,
ಬಡ್ಡಿ ಸಮೇತ."

ಕೊಬ್ಬು ಎಂಬ ಮಾತಿಗೆ ಎರಡು ಅರ್ಥ.
ಅವಳ ಮೈಮೇಲೆ ಜನ ಓದಿದ್ದು
ಯಾವಾಗಲೂ ಎರಡನೆಯದನ್ನೇ.

ಏಳನೇ ವಾರ ಅವಳು ತಡವಾಗಿ ಬಂದಳು.
ಕುರ್ಚಿಯಲ್ಲಿ ಕೂತು, ಸುಮ್ಮನೆ ಕೂತು,
ಆಮೇಲೆ ಪಿಸುಮಾತಿನಲ್ಲಿ ಅಂದಳು:
"ರೇಡಿಯೋ ನಿಂತುಹೋಗಿದೆ."
ಹುಟ್ಟಿದಾಗಿನಿಂದ ತಲೆಯೊಳಗೆ ಹಾಡುತ್ತಿದ್ದದ್ದು,
ಫ್ರಿಜ್ಜಿನಲ್ಲಿ ಉಳಿದ ಅರ್ಧ ಬುರಿಟೊ,
ನಾಳಿನ ನಾಷ್ಟಾ, ಪಕ್ಕದ ಮನೆಯ ಒಲೆ, ಎಲ್ಲ.
"ನಿನ್ನೆ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದೆ.
ಮರೆತು ಎದ್ದೆ, ಗೊತ್ತಾ?"
ನನ್ನ ಮುಖವನ್ನೇ ನೋಡಿದಳು:
"ನೀವೆಲ್ಲ ದಿನಾ ಹೀಗೇ ಇರುತ್ತೀರಾ?"

ನಾನು ಉತ್ತರ ಕೊಡಲಿಲ್ಲ.
ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಡಾಕ್ಟರು ಅವಳಿಗೆ ಹಲ್ಲಿಯ ಕಥೆ ಹೇಳಿದರು.
ಇದೇ ಮರುಭೂಮಿಯ ಹೀಲಾ ಹಲ್ಲಿ,
ಕಿತ್ತಳೆ ಕಪ್ಪು ಮಣಿ ಪೋಣಿಸಿದ ಮೈ,
ವರ್ಷಕ್ಕೆ ಕೆಲವೇ ಊಟ.
ಅದರ ವಿಷದಲ್ಲಿ ಸಿಕ್ಕಿತು
ನಮ್ಮ ಕರುಳಿನ 'ಸಾಕು' ಎಂಬ ಮಾತಿನ ಹತ್ತಿರದ ನೆಂಟ;
ಈ ಮದ್ದಿನ ದಾಯಾದಿಯೊಂದು ಅಲ್ಲಿಂದಲೇ ಹುಟ್ಟಿದ್ದು.
ಕರುಳು ಹೇಳಬೇಕು, ಮಿದುಳು ಕೇಳಬೇಕು;
ಕೆಲವರಲ್ಲಿ ಆ ಮಾತು ದಾರಿಯಲ್ಲೇ ಸಣ್ಣಗಾಗುತ್ತದೆ.
"ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ," ಅಂದರು,
ವರ ಕೊಟ್ಟವರ ಹಾಗೆ.

ಅವಳು ಅಳುತ್ತಾಳೆ ಅಂದುಕೊಂಡೆ.
ಸಿಟ್ಟಾದಳು.
"ಹಾಗಾದರೆ ಆ ನಲವತ್ತು ವರ್ಷ?
ಅದನ್ನು ಯಾವ ಕೌಂಟರಿನಲ್ಲಿ ವಾಪಸು ಕೇಳಲಿ?"

ಕಾರಿಡಾರಿನಲ್ಲಿ ತಣ್ಣಗಾಗಿ ಹೇಳಿದಳು,
ಆ ಹಲ್ಲಿಯನ್ನು ಒಮ್ಮೆ ಕಂಡಿದ್ದಳಂತೆ.
ದಾರಿಗೆ ಅಡ್ಡ ಬಂತು, ಬಸ್ಸು ನಿಲ್ಲಿಸಿದಳು.
ಮೂವತ್ತೆಂಟು ಮಕ್ಕಳು ಕಿಟಕಿಗೆ ಮೂಗೊತ್ತಿ ನೋಡಿದರು
ದಪ್ಪ ಬಾಲ ಎಳೆಯುತ್ತ ಅದು ದಾಟುವುದನ್ನು.
ಕೊಬ್ಬು ಕೂಡಿಡುವುದು ಬಾಲದಲ್ಲೇ.
"ಒಬ್ಬರೂ ನಗಲಿಲ್ಲ," ಅಂದಳು.
"ಎಷ್ಟು ಚೆಂದ ಅಂದರು."

ಎಪ್ಪತ್ತೆರಡನೇ ವಾರ ಲಕೋಟೆ ಒಡೆದರು.
ಮದ್ದೇ ಆಗಿತ್ತು. ಅಲ್ಲಿಗೆ ಅದು ಮುಗಿಯಿತು ಕೂಡ.
ಹೊರಗೆ ಕೊಳ್ಳಹೋದರೆ ತಿಂಗಳ ಬೆಲೆ
ಅವಳ ಮನೆ ಬಾಡಿಗೆಗಿಂತ ಹೆಚ್ಚು;
ವಿಮೆಯವರು ಮೂರು ಸಾಲಿನ ಪತ್ರ ಬರೆದರು.

ತೊಂಬತ್ತನೇ ವಾರ, ಕಡೆಯ ತೂಕಕ್ಕೆ, ಬಂದಳು.
ರೇಡಿಯೋ ಮತ್ತೆ ಹಚ್ಚಿಕೊಂಡಿದೆ ಎಂದಳು,
ಮೊದಲು ಸಣ್ಣಗೆ, ಈಗ ಪೂರಾ.
"ಆದರೆ ಈಗ ಗೊತ್ತು, ಅದು ರೇಡಿಯೋ.
ಮೊದಲು ಅದೇ ನಾನು ಅಂದುಕೊಂಡಿದ್ದೆ."

ಯಂತ್ರ ಹತ್ತಿದಳು.
ಬೂಟು ಕಾಲಲ್ಲೇ ಇತ್ತು, ಬೀಗದಕೈ ಕೈಯಲ್ಲೇ,
ಕಿವಿಯೋಲೆ ಅಲ್ಲಾಡುತ್ತಿತ್ತು.
ಕಳಚಿ ಅನ್ನಬೇಕಿತ್ತು, ನಿಯಮ ಅದು.

ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡೆ.