ಮಣ್ಣು ಕೂಡ್ರಲಿ

ಮಗ್ಗದ ಕೋಲಿ ಕೆಡವಿದ ಮ್ಯಾಲೆ
ಬೆಟಗೇರಿ ಮನಿ ಮುಂದ ಉಳಿದದ್ದು
ಹದಿನಾರು ಮೊಳ ಉದ್ದ, ಐದು ಮೊಳ ಅಗಲ.
ಎರಡು ಸೀರಿ ಜೋಡಿಸಿ ಹರವಿದ್ರ ಮುಗೀತು.

ತೊಲಿ ಮಾರಿದೆ, ಹಂಚು ಮಾರಿದೆ,
ಲಾಳಿ ಸೈತ ಒಬ್ಬಾಂವ ಒಯ್ದ, ಗ್ವಾಡಿಗೆ ಸಿಗಿಸಾಕಂತ.
ಕುಣಿ ಮಾತ್ರ ಯಾರೂ ಕೇಳಲಿಲ್ಲ.
ಒಂದು ಟಂಟಂ ಎರಿಮಣ್ಣು ತರಿಸಿ ಮುಚ್ಚಿದೆ.

ಬನಶಂಕ್ರಿ ಅಂದ್ಲು: ಇಲ್ಲೆ ಹುಲ್ಲು ಹಚ್ಚೂಣು.
ಮಲ್ಲಿಗಿ ಬ್ಯಾಡ, ಕಟ್ಟಿ ಬ್ಯಾಡ, ಬರೇ ಹುಲ್ಲು.
ದಿನಾ ಬರಿಗಾಲಲೆ ನಾಕು ಹೆಜ್ಜಿ ಹಾಕ್ರಿ ಅಂತ
ಮೊಣಕಾಲಿನ ಡಾಕ್ಟರ್ ಹೇಳ್ಯಾನಂತ.

ಮುಳಗುಂದ ನಾಕಾದ ಆಚೆ ದಾವಲಸಾಬನ ನರ್ಸರಿ.
ಬೀಜ ಚೆಲ್ರಿ, ಅಂದ. ಸೋವಿ.
ಗುಬ್ಬಿ ಇರುವಿ ಪಾಲು ಕೇಳ್ತಾವ, ಅಷ್ಟs.
ಇಲ್ಲಾ ಕಡ್ಡಿ ಊರ್ರಿ, ಗೇಣಿಗೊಂದು.
ಅವಸರ ಇದ್ರ ಹಾಸು ತಗೋರಿ,
ಸುರುಳಿ ಸುತ್ತಿ ಕೊಡ್ತೀನಿ, ಬಿಚ್ಚಿ ಒಗದ್ರ ಸಂಜೀಕ ಹಸರು.

ಹಾಸು ಅಂದಕೂಡ್ಲೆ ನಗಿ ಬಂತು ನನಗ.
ನಲವತ್ತು ವರ್ಷ ಹಾಸು ಹೂಡಿದ ಕೈ ಇದು.
ಹೊಕ್ಕು ಯಾರು ಹೊಡೀತಾರೋ ಮಾರಾಯಾ, ಅಂದೆ.
ಅದನ್ನ ಬೇರು ಹೊಡೀತಾವ ಬಿಡ್ರಿ, ಅಂದ.
ಚಾಲಾಕಿ ಮನಷ್ಯಾ.

ಓಣಿಯ ಫಕೀರವ್ವಗ ಸುದ್ದಿ ಮುಟ್ಟಿ
ಸೆರಗು ಬಾಯಿಗಿಟ್ಟು ನಕ್ಕಿದ್ದs ನಕ್ಕಿದ್ದು.
ಕರಕಿ ಕೊಂಡು ತರ್ತೀಯೇನೋ ಯಪ್ಪಾ?
ನನ್ನ ಬೆನ್ನು ಬಾಗಿದ್ದs ಅದನ್ನ ಕಿತ್ತು ಕಿತ್ತು.
ನಮ್ಮ ಹೊಲಕ್ಕ ಬಾ. ಕಿತ್ತಷ್ಟು ನಿಂದು,
ಮ್ಯಾಲೆ ಕೂಲಿ ನಾನs ಕೊಡ್ತೀನಿ.

ಇನ್ನ ಯಾವಾಗ ಹಚ್ಚೂದು?
ನಳಾ ನಮ್ಮ ಓಣಿಗೆ ಹತ್ತು ದಿನಕ್ಕೊಮ್ಮೆ,
ಹುಲ್ಲಿಗೆ ಕೊಡ ಎತ್ತಿದ್ರ ಮಂದಿ ಬೈತಾರ.
ಮಳಿಗೇ ಬಿಡಬೇಕು.
ರೋಹಿಣಿಗೆ ನೆಲದ ಕಾವು ಆರಿರೂದಿಲ್ಲ.
ಹಸ್ತಕ್ಕ ಹಚ್ಚಿದ್ರ ಬೇರು ಇಳಿಯೂದ್ರಾಗ ಚಳಿ,
ಕರಕಿ ಮುದುಡಿ ಮಲಗ್ತೈತಿ.
ಮಿರಗಾ ಕೂಡಿದ ದಿನಾನೇ ಹಾಸು ತರೂದು ಅಂತ
ಸಂಚಕಾರನೂ ಕೊಟ್ಟು ಬಂದೆ, ನೂರು ರೂಪಾಯಿ.

ಮಿರಗಾ ಮೂರನೇ ರಾತ್ರಿ ಹೊಡೀತು.
ಮುಂಜಾನೆದ್ದು ಕದಾ ತೆಗದ್ರ
ಮುಚ್ಚಿದ ಕುಣಿ ತಿರುಗಿ ಬಂದಿತ್ತು.
ಚೌಕಾಗಿ, ಮೊಳ ಆಳಾಗಿ,
ತಾನು ಎಲ್ಲಿತ್ತೋ ಅಲ್ಲೇ,
ಚಹಾದಂಥ ನೀರು ತುಂಬಿಕೊಂಡು.

ಏನನಿಸ್ತೋ. ದಂಡಿಗೆ ಕುಂತು
ಕಾಲು ಇಳಿಬಿಟ್ಟೆ.
ಬಲಗಾಲು ತಾನs ಒತ್ತಿತು. ಆಮ್ಯಾಲೆ ಎಡಗಾಲು.
ಪಾವಡಿ ಇಲ್ಲ, ತಳದಾಗ ಬರೇ ರಾಡಿ,
ಬೆರಳ ಸಂದಿಲೆ ಮ್ಯಾಲೆ ಬಂತು, ತಣ್ಣಗ.

ಬನಶಂಕ್ರಿ ಬಾಗಲದಾಗ ನಿಂತಾಳ, ಕೈಯಾಗ ಬಸಿ.
ಏಳ್ರಿ ಅನ್ನಲಿಲ್ಲ. ನೆಗಡಿ ಆದೀತು ಅನ್ನಲಿಲ್ಲ.
ಎಷ್ಟು ಮೊಳ ಆತ್ರಿ? ಅಂದ್ಲು.

ದಾವಲಸಾಬಗ ಫೋನ್ ಮಾಡಿದೆ. ಹಾಸು ಬ್ಯಾಡೋ,
ಕೆಳಗ ನೆಲಾ ಇನ್ನೂ ಕುಸೀತೈತಿ,
ಮ್ಯಾಲಿನ ಹಸರು ಮುಗ್ಗರಸ್ತೈತಿ.
ಸಂಚಕಾರ ನಿನಗs ಇರಲಿ.
ಇನ್ನೊಂದು ಟಂಟಂ ಮಣ್ಣು,
ದಿನಾ ಸಂಜೀಕ ಇಬ್ಬರೂ ತುಳಿಯೂದು,
ಅಕಿ ಗ್ವಾಡಿ ಹಿಡಕೊಂಡು, ನಾ ಹಿಂದಿಂದ.
ಪುನರ್ವಸು ನೋಡಿ ಕಡ್ಡಿ ಊರೂದು,
ಗೇಣಿಗೊಂದು, ಸಾಲು ಹಿಡದು.
ಕೂಡಿದ್ರ ಕೂಡ್ತಾವ.

ನಿನ್ನೆ ಫಕೀರವ್ವ ಒಂದು ಗೋಣಿಚೀಲ ಕರಕಿ ಕಳಿಸ್ಯಾಳ,
ಬೇರಿನ ಮಣ್ಣು ಸೈತ ಝಾಡಿಸಿಲ್ಲ.
ಬಾಯಿಗೆ ಕಟ್ಟಿದ ಹುರಿಯಾಗ
ಹತ್ತು ರೂಪಾಯಿ ನೋಟು, ಕೂಲಿ.

ಚೀಲಕ್ಕ ನೀರು ಚಿಮಕಿಸಿ
ನೆರಳಿಗೆ ಇಟ್ಟೀನಿ.
ಮಣ್ಣು ಇನ್ನೂ ಕೂಡ್ರಬೇಕು.