ಇಲ್ಲೇ ಅಂದರೆ ಎಷ್ಟು ದೂರ

ಸೊಂಟದೆತ್ತರ, ಮೂರು ಚಕ್ರ,
ಹೊಟ್ಟೆಯಲ್ಲಿ ಬ್ಯಾಟರಿ, ಹಣೆಯಲ್ಲಿ ಒಂದೇ ಕಣ್ಣು.
ಹೆಸರಿನ್ನೂ ಇಟ್ಟಿಲ್ಲ. ಕಡತದಲ್ಲಿ ಅದು
‘ವಿದೇಶಿ ವಿದ್ಯಾರ್ಥಿ ಮಾರ್ಗದರ್ಶಿ ಯಂತ್ರ, ಒಂದು.’

ನಕ್ಷೆ ತುಂಬಿಸಿದೆವು.
ನಕ್ಷೆಗೆ ಗೊತ್ತಿಲ್ಲ, ನಾಗರಬಾವಿ ಕಡೆಯ ಗೇಟು
ಪೈಪಿನ ಕಾಮಗಾರಿಗೆಂದು ಮುಚ್ಚಿ ಎರಡು ವರ್ಷವಾಯಿತೆಂದು.
‘ಹಳೇ ಕ್ಯಾಂಟೀನ್ ಪಕ್ಕ’ ಅನ್ನುತ್ತಾರೆ ಎಲ್ಲರೂ.
ಅದನ್ನು ಕೆಡವಿದ್ದು ನಾನು ಸೇರುವ ಮುಂಚೆ.
ಇಲ್ಲದ ಕ್ಯಾಂಟೀನನ್ನೂ ಗುರುತು ಹಾಕಿದೆ ಕೊನೆಗೆ,
ಬೂದು ಬಣ್ಣದಲ್ಲಿ.

ನಡೆದು ನೋಡಲು ಬಂದವಳು ಥೋಕೊ ಚಿರ್ವಾ,
ಲಿಲಾಂಗ್ವೆಯವಳು, ರೇಷ್ಮೆಹುಳದ ಮೇಲೆ ಸಂಶೋಧನೆ.
ಮೊದಲ ವಾರ ಯಾರನ್ನು ಕೇಳಿದರೂ
ಒಂದೇ ಪದ ಕೇಳಿಸಿತಂತೆ ಅವಳಿಗೆ:
ಇಲ್ಲ. ಇಲ್ಲ. ಇಲ್ಲ.
ಇಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯವೇ ಇಲ್ಲವೆಂದು
ಅಕ್ಕನಿಗೆ ಫೋನ್ ಮಾಡಿ ಹೇಳಿದ್ದಳಂತೆ.
ಅವರೆಲ್ಲ ಹೇಳಿದ್ದು ಇಲ್ಲೇ ಎಂದು.
ಒಂದು ಏತ್ವ, ಒಂದು ದೀರ್ಘ,
ಅದರಾಚೆಗೆ ನಿಂತಿತ್ತು ಮೂರಂತಸ್ತಿನ ಕಟ್ಟಡ.

ಈಗ ನನ್ನ ಕೆಲಸ ‘ಇಲ್ಲೇ’ಗೆ ಅಳತೆ ಕೊಡುವುದು.
ಕಾವಲಿನ ಮುನಿಯಲ್ಲಪ್ಪನವರ ಇಲ್ಲೇ ಎರಡು ಕಿಲೋಮೀಟರು.
ಝೆರಾಕ್ಸ್ ಅಂಗಡಿಯ ಪರ್ವೀನಮ್ಮನದು
ಕೈ ಚಾಚಿದರೆ ಸಿಗುವಷ್ಟು.
ಶುಲ್ಕ ಕಟ್ಟುವ ಕಿಟಕಿಯವರದು
‘ನಾಳೆ ಬನ್ನಿ’ಯ ಆಸುಪಾಸು.
ಯಂತ್ರ ಅಂಕಿ ಕೇಳುತ್ತದೆ.
ಸರಾಸರಿ ಬರೆದೆ, ಅಳಿಸಿದೆ, ಟೀಗೆ ಹೋದೆ.

ದನಿ ಮುನಿಯಲ್ಲಪ್ಪನವರದ್ದೇ.
ಮೈಕಿನ ಮುಂದೆ ಟೋಪಿ ತೆಗೆದು ನಿಂತರು,
ಎದುರಿಗೆ ವೈಸ್ ಚಾನ್ಸಲರೇ ಇದ್ದ ಹಾಗೆ:
‘ಬನ್ನಿ ಮಗಾ, ಇಲ್ಲೇ ಐತೆ.’
ಬಹುವಚನವೋ ಏಕವಚನವೋ ಎಂದು
ಸಮಿತಿಯಲ್ಲಿ ಅರ್ಧ ತಾಸು ಚರ್ಚೆ.
ಎರಡೂ ಇರಲಿ ಅಂದೆ.

ಮೊದಲ ದಿನ ಯಂತ್ರ ಮುಂದೆ, ಥೋಕೊ ಹಿಂದೆ.
ಮಲಗಿದ್ದ ನಾಯಿಗೆ ದಾರಿ ಬಿಟ್ಟು, ಹೊಂಗೆಯ ಬೇರು ಹತ್ತಿ,
ಸರಿಯಾದ ಬಾಗಿಲಿಗೇ ಹೋಗಿ ನಿಂತಿತು.
ನಾವು ಚಪ್ಪಾಳೆ ತಟ್ಟಿದೆವು.
ಅವಳು ಬಂದಿರಲಿಲ್ಲ.
ಅರ್ಧ ದಾರಿಯ ಕಲ್ಲುಬೆಂಚಿನ ಮೇಲೆ ಕೂತಿದ್ದಳು.
‘ಮೂರು ತಿಂಗಳಿಂದ ಬರೀ ಬೆನ್ನುಗಳನ್ನು ಹಿಂಬಾಲಿಸಿದ್ದೇನೆ,’ ಅಂದಳು.
‘ಇದಕ್ಕೂ ಬೆನ್ನು ಯಾಕೆ ಕೊಟ್ಟಿರಿ?’

ಆ ರಾತ್ರಿ ಬೆನ್ನು ತೆಗೆದೆ.
ನೇರ ದಾರಿಯಲ್ಲಿ ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ,
ತಿರುವಿನಲ್ಲಿ ಮಾತ್ರ ಅರ್ಧ ಹೆಜ್ಜೆ ಮುಂದೆ.
ಬರೆಯಲು ಹನ್ನೊಂದು ಸಾಲು.
ಎಲ್ಲಿಂದ ತಿರುವು ಶುರುವಾಗುತ್ತದೆ ಅನ್ನುವುದೇ
ಬೆಳಗಿನ ತನಕ ಬಗೆಹರಿಯಲಿಲ್ಲ.

ಗುರುವಾರ, ಯೆಮನ್‌ನಿಂದ ಆಗಷ್ಟೇ ಬಂದ ಹುಡುಗನೊಬ್ಬ
ಕೈಯಲ್ಲಿ ಫಾರಂ ಹಿಡಿದು ಎದುರಾದ.
ಯಂತ್ರ ಪಕ್ಕದಲ್ಲೇ ನಿಂತಿತ್ತು.
ಅವನು ಕೇಳಿದ್ದು ಥೋಕೊಳನ್ನು.
ಅವಳು ಥೇಟು ಮುನಿಯಲ್ಲಪ್ಪನವರ ಹಾಗೆ ಗದ್ದ ಎತ್ತಿ,
‘ಇಲ್ಲೇ’ ಅಂದಳು,
ಅಂದು ಅವನ ಜೊತೆಗೇ ಹೊರಟಳು.

ಹಿಂದೆ ಹೋದ ಯಂತ್ರ ಅಳೆದು ದಾಖಲಿಸಿದ್ದು
ಆರುನೂರ ನಲವತ್ತು ಮೀಟರು.
ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ.